ಕೊಡುವುದು 1.80 ಲಕ್ಷ, ಕಿತ್ತುಕೊಳ್ಳುವುದು 2.10 ಲಕ್ಷ

ಮೊದಲ ಮನೆ ಕೊಳ್ಳುವವರ ಮೇಲೆ ಸರ್ಕಾರಗಳಿಗೆ ಎಷ್ಟು ಪ್ರೀತಿ ಇದೆ ಎಂದು ತಿಳಿಯಲು ಭಾಷಣ ಕೇಳಬೇಕಿಲ್ಲ, ಕೂಡುವ ಲೆಕ್ಕ ಬಂದರೆ ಸಾಕು. ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ಗೃಹಸಾಲಕ್ಕೆ ಸಿಗುವ ಬಡ್ಡಿ ಸಹಾಯಧನ ಗರಿಷ್ಠ 1.80 ಲಕ್ಷ ರೂಪಾಯಿ. ಅದೂ ಒಂದೇ ಸಲಕ್ಕಲ್ಲ. ಐದು ವರ್ಷ, ಐದು ಕಂತು. ವರ್ಷಕ್ಕೆ 36 ಸಾವಿರ, ತಿಂಗಳಿಗೆ 3 ಸಾವಿರ. ಈಗ ಇದೇ ಯೋಜನೆ ಒಪ್ಪುವ ಗರಿಷ್ಠ ಬೆಲೆಯ, ಅಂದರೆ 35 ಲಕ್ಷದ ಹೊಸ ಫ್ಲ್ಯಾಟೊಂದನ್ನು ಬೆಂಗಳೂರಿನಲ್ಲಿ ಕೊಳ್ಳಿ. ಸಿಗುತ್ತದೆಯೇ ಎಂಬ ಪ್ರಶ್ನೆ ಆಮೇಲಿರಲಿ. ಮುದ್ರಾಂಕ ಶುಲ್ಕ ಶೇ 3, ಅಂದರೆ 1.05 ಲಕ್ಷ. ನೋಂದಣಿ ಶುಲ್ಕ ಶೇ 2, ಅಂದರೆ 70 ಸಾವಿರ. ಕಟ್ಟಡ ಇನ್ನೂ ಮುಗಿದಿಲ್ಲವಾದರೆ ಜಿಎಸ್‌ಟಿ ಶೇ 1, ಅಂದರೆ 35 ಸಾವಿರ. ಒಟ್ಟು 2.10 ಲಕ್ಷ. ಸೆಸ್ಸು, ಸರ್‌ಚಾರ್ಜು ಬೇರೆ.

ಐದು ವರ್ಷ ಕಾಯಿಸಿ 1.80 ಲಕ್ಷ ಕೊಡುವವರು, ಕೀಲಿಕೈ ಕೈಗೆ ಬರುವ ಮೊದಲೇ 2.10 ಲಕ್ಷ ಎಣಿಸಿಕೊಂಡಿರುತ್ತಾರೆ. ಇದಕ್ಕೆ ‘ನೆರವು’ ಎಂದು ಹೆಸರಿಟ್ಟು, ಅದಕ್ಕೊಂದು ಫ್ಲೆಕ್ಸು ಕಟ್ಟಿ, ಫ್ಲೆಕ್ಸಿನಲ್ಲಿ ನಗುವ ಮುಖಗಳನ್ನು ಅಚ್ಚು ಹಾಕಿಸುವ ಧೈರ್ಯವನ್ನು ಮೆಚ್ಚಲೇಬೇಕು.

2025ರ ಆಗಸ್ಟ್ 30ರವರೆಗೆ ಪರಿಸ್ಥಿತಿ ಕೊಂಚ ವಾಸಿಯಿತ್ತು. ಆಗ ನೋಂದಣಿ ಶುಲ್ಕ ಶೇ 1 ಇತ್ತು. ಅದೇ ಫ್ಲ್ಯಾಟಿಗೆ ಕಟ್ಟಬೇಕಾದದ್ದು 1.75 ಲಕ್ಷ. ಸಹಾಯಧನ ಪೂರ್ತಿ ಬಂದರೆ ಕೊಳ್ಳುವವನಿಗೆ ಉಳಿಯುತ್ತಿದ್ದದ್ದು 5 ಸಾವಿರ ರೂಪಾಯಿ. ಆ 5 ಸಾವಿರವೂ ಯಾರದೋ ಕಣ್ಣು ಕುಕ್ಕಿರಬೇಕು. ಆಗಸ್ಟ್ 31ರಿಂದ ರಾಜ್ಯ ಸರ್ಕಾರ ಶುಲ್ಕವನ್ನು ಸೀದಾ ಎರಡು ಪಟ್ಟು ಮಾಡಿತು. ನೆರೆ ರಾಜ್ಯಗಳಲ್ಲಿ ಇನ್ನೂ ಹೆಚ್ಚಿದೆ ಎಂಬುದು ಅದಕ್ಕೆ ಕೊಟ್ಟ ಸಮಜಾಯಿಷಿ. ಪಕ್ಕದ ಮನೆಯವನ ಜೇಬಿಗೆ ಇನ್ನೂ ದೊಡ್ಡ ಕತ್ತರಿ ಬಿದ್ದಿದೆ, ನೀನು ಸುಮ್ಮನಿರು ಎಂದ ಹಾಗೆ. 35 ಲಕ್ಷದ ಮನೆಗೆ ಆ ಒಂದು ಪರ್ಸೆಂಟು 35 ಸಾವಿರ. ಕೇಂದ್ರದ ಒಂದು ವರ್ಷದ ಕಂತು 36 ಸಾವಿರ. ಒಂದೇ ಒಂದು ಸರ್ಕಾರಿ ಆದೇಶ ಮೊದಲ ಕಂತನ್ನು ಬಹುತೇಕ ಪೂರ್ತಿ ನುಂಗಿ ಹಾಕಿತು.

‘ಕೊಡುವುದು ಕೇಂದ್ರ, ವಸೂಲು ಮಾಡುವುದು ರಾಜ್ಯ, ಎರಡನ್ನೂ ಬೆರೆಸಬೇಡಿ’ ಎಂದು ಎರಡೂ ಪಕ್ಷಗಳ ವಕ್ತಾರರು ಟಿವಿಯಲ್ಲಿ ಕೂತು ಹೇಳಬಹುದು. ಹೇಳಲಿ. ಬೆಂಗಳೂರಿಗೊಂದು, ದೆಹಲಿಗೊಂದು ಎಂದು ಎರಡು ಜೇಬು ಇಟ್ಟುಕೊಂಡು ಯಾರೂ ಮನೆ ಕೊಳ್ಳುವುದಿಲ್ಲ. ಜಿಎಸ್‌ಟಿಯಲ್ಲಂತೂ ಇಬ್ಬರಿಗೂ ಪಾಲಿದೆ.

ಅದೇ ಜಿಎಸ್‌ಟಿಯ ಇನ್ನೊಂದು ಚಮತ್ಕಾರ ನೋಡಿ. ಆವಾಸ್ ಯೋಜನೆಯ ಪ್ರಕಾರ 120 ಚದರ ಮೀಟರ್ ಕಾರ್ಪೆಟ್ ಏರಿಯಾದ ಮನೆಗೂ ಸಹಾಯಧನ ಉಂಟು. ಆದರೆ ಬೆಂಗಳೂರಿನಂಥ ಮಹಾನಗರದಲ್ಲಿ ಶೇ 1ರ ಜಿಎಸ್‌ಟಿ 60 ಚದರ ಮೀಟರ್ ಮೀರದ ಮನೆಗೆ ಮಾತ್ರ. ಅಂದರೆ ಸುಮಾರು 645 ಚದರಡಿ. ಅತ್ತೆ ಮಾವ ಜೊತೆಗಿರಲಿ, ಮಗಳಿಗೆ ಓದಲು ಒಂದು ಮೂಲೆಯಿರಲಿ ಎಂದು 650 ಚದರಡಿ ಕೊಂಡಿರೋ, ತೆರಿಗೆ ಶೇ 5ಕ್ಕೆ ಜಿಗಿಯುತ್ತದೆ: 1.75 ಲಕ್ಷ. ಐದು ವರ್ಷದ ಸಹಾಯಧನ ಬಹುಪಾಲು ಅಲ್ಲೇ ಚುಕ್ತಾ. ಒಂದು ಸಚಿವಾಲಯದ ಕಣ್ಣಿಗೆ ನೀವು ನೆರವು ಬೇಕಾದ ಬಡಪಾಯಿ, ಪಕ್ಕದ ಸಚಿವಾಲಯದ ಕಣ್ಣಿಗೆ ಸ್ಥಿತಿವಂತ.

ಇಷ್ಟಕ್ಕೂ ಈ ನೆರವು ಯಾರಿಗೆ? ವಾರ್ಷಿಕ ಆದಾಯ 9 ಲಕ್ಷದೊಳಗಿನ, ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆಯಿಲ್ಲದ ಕುಟುಂಬಕ್ಕೆ. ಮನೆಯ ಬೆಲೆ 35 ಲಕ್ಷದೊಳಗಿರಬೇಕು, ಸಾಲ 25 ಲಕ್ಷ ಮೀರಬಾರದು. ಹಾಗಾದರೆ 35 ಲಕ್ಷದ ಮನೆಗೆ 10 ಲಕ್ಷ ನಗದು ನೀವೇ ತರಬೇಕು. ಪಟ್ಟಿಯ ಮೊದಲ ಸಾಲಿನಲ್ಲಿರುವ ‘ಆರ್ಥಿಕವಾಗಿ ದುರ್ಬಲ’ ಕುಟುಂಬದ ಆದಾಯ ಹೆಚ್ಚೆಂದರೆ ವರ್ಷಕ್ಕೆ 3 ಲಕ್ಷ, ತಿಂಗಳಿಗೆ 25 ಸಾವಿರ. ಶೇ 8.5ರ ಬಡ್ಡಿಯಲ್ಲಿ 25 ಲಕ್ಷಕ್ಕೆ 20 ವರ್ಷದ ಇಎಂಐ ಸುಮಾರು 21,700 ರೂಪಾಯಿ. ಉಳಿದ 3,300ರಲ್ಲಿ ಅಕ್ಕಿ, ಗ್ಯಾಸ್, ಶಾಲೆ ಫೀಸು, ಬಸ್‌ ಚಾರ್ಜು ಎಲ್ಲ. ಯಾವ ಬ್ಯಾಂಕ್ ಮ್ಯಾನೇಜರ್ ಆ ಅರ್ಜಿಗೆ ಸಹಿ ಹಾಕುತ್ತಾನೆ? ಸಾಲವೇ ಹುಟ್ಟದವನಿಗೆ ಬಡ್ಡಿ ರಿಯಾಯಿತಿ! ಮೂಗಿಗೆ ತುಪ್ಪ ಸವರುವುದೆಂದರೆ ಇದೇ.

ಹೇಗೋ ಸಾಲ ಸಿಕ್ಕಿತು, ಹೊಟ್ಟೆಬಟ್ಟೆ ಕಟ್ಟಿ ಬೇಗ ತೀರಿಸುತ್ತೇನೆ ಎಂದು ಹೊರಟಿರೋ, ಅದಕ್ಕೂ ಅಡ್ಡಗಾಲು. ಪ್ರತಿ ಕಂತು ಬಿಡುಗಡೆಯಾಗುವಾಗ ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಲೇಬೇಕು, ಸಾಲ ಚಾಲ್ತಿಯಲ್ಲಿರಬೇಕು. ಊರಿನ ಜಮೀನು ಮಾರಿ ಅರ್ಧ ಅಸಲು ತೀರಿಸಿದವನ ಉಳಿದ ಕಂತು ಖೋತಾ. ಬಡ್ಡಿ ಕಟ್ಟುತ್ತಲೇ ಇರುವವನು ಮಾತ್ರ ಸರ್ಕಾರದ ಕಣ್ಣಿಗೆ ಒಳ್ಳೆಯ ಫಲಾನುಭವಿ. ಇದು ಮನೆ ಕೊಳ್ಳುವವರ ಯೋಜನೆಯೋ ಬ್ಯಾಂಕುಗಳ ಯೋಜನೆಯೋ?

2015ರಲ್ಲಿ ಬಂದ ಇದೇ ಯೋಜನೆಯ ಮೊದಲ ಆವೃತ್ತಿಯಲ್ಲಿ ಕಡಿಮೆ ಆದಾಯದವರಿಗೆ 2.67 ಲಕ್ಷದವರೆಗೆ ಸಿಗುತ್ತಿತ್ತು, ಅದೂ ಇಡಿಯಾಗಿ ಸಾಲದ ಖಾತೆಗೆ. 2022ರೊಳಗೆ ಎಲ್ಲರಿಗೂ ಸೂರು ಎಂದಿದ್ದರು. 2022 ಬಂತು, ಹೋಯಿತು. ಬೆಂಗಳೂರಿನಲ್ಲಿ ನೆಲದ ಬೆಲೆ ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂದು ನಿಮಗೆ ಹೇಳಬೇಕಿಲ್ಲ. 2023ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರವೇ ನೋಂದಣಿಯ ಮಾರ್ಗಸೂಚಿ ದರ ಏರಿಸಿತು. ಬೆಲೆ ಮೇಲೆ, ಶುಲ್ಕ ಮೇಲೆ, 2.67 ಇದ್ದ ನೆರವು ಮಾತ್ರ 1.80ಕ್ಕೆ ಕೆಳಗೆ.

‘ಹಾಗಾದರೆ ಸಬ್ಸಿಡಿ ಹೆಚ್ಚಿಸಿ, ಬೆಲೆ ಮಿತಿ ಏರಿಸಿ’ ಎಂಬ ಕೂಗು ಕೇಳುತ್ತಿದೆ. ಕೂಗುವವರ ಮುಖ ಒಮ್ಮೆ ನೋಡಿ. ಜಿಎಸ್‌ಟಿ ರಿಯಾಯಿತಿಗೆ ಇರುವ 45 ಲಕ್ಷದ ಮಿತಿ ಸಾಲದು ಎಂಬುದು ಬಿಲ್ಡರ್‌ಗಳ ಒಕ್ಕೂಟ ಕ್ರೆಡಾಯ್‌ನ ಹಳೆಯ ಅಹವಾಲು. ಬಿಲ್ಡರ್‌ಗೆ ಮೊದಲ ಮನೆ ಕೊಳ್ಳುವವನ ಮೇಲೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿದರೆ ಪರ್ಸು ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ನೆಲ ಅಷ್ಟೇ, ಮನೆ ಅಷ್ಟೇ. ಕೊಳ್ಳುವವರ ಕೈಗೆ ಮಾತ್ರ ಇನ್ನಷ್ಟು ದುಡ್ಡು ಕೊಟ್ಟರೆ ಬೆಲೆ ಏರದೆ ಇನ್ನೇನಾಗುತ್ತದೆ?

ಬ್ರಿಟನ್ ಈ ಪಾಠವನ್ನು ದುಬಾರಿ ಫೀಸು ಕಟ್ಟಿ ಕಲಿತಿದೆ. 2013ರಲ್ಲಿ ‘ಹೆಲ್ಪ್ ಟು ಬೈ’ ಎಂದು ಶುರು ಮಾಡಿ, ಹೊಸ ಮನೆಯ ಬೆಲೆಯ ಶೇ 20ರಷ್ಟನ್ನು ಅಲ್ಲಿನ ಸರ್ಕಾರವೇ ಸಾಲವಾಗಿ ಕೊಟ್ಟಿತು. ಸುಮಾರು ಐದರಲ್ಲಿ ಮೂರು ಮಂದಿ ಈ ನೆರವಿಲ್ಲದೆಯೂ ಮನೆ ಕೊಳ್ಳಬಲ್ಲವರಾಗಿದ್ದರು ಎಂದು 2019ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿತು. ನೆರವು ತೀರಾ ಬೇಕಿದ್ದ ಕಡೆಗಳಲ್ಲೇ ಇಂಥ ಯೋಜನೆಗಳಿಂದ ಮನೆ ಬೆಲೆ ಸಬ್ಸಿಡಿಯನ್ನೂ ಮೀರಿ ಏರಿದೆ ಎಂದು 2022ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಮಿತಿಯೇ ಬರೆಯಿತು. ಲಾಭ ಯಾರಿಗೆ? ಪರ್ಸಿಮನ್ ಎಂಬ ಬಿಲ್ಡರ್ ಕಂಪನಿಯ ಮುಖ್ಯಸ್ಥ ಜೆಫ್ ಫೇರ್‌ಬರ್ನ್‌ಗೆ ಸಿಕ್ಕ ಬೋನಸ್ 7.5 ಕೋಟಿ ಪೌಂಡ್. ಜನ ಛೀಮಾರಿ ಹಾಕಿದ ಮೇಲೆ 2018ರಲ್ಲಿ ಅವರು ಕುರ್ಚಿ ಬಿಟ್ಟರು. ನಾವು ಅದೇ ದಾರಿಯಲ್ಲಿ ಇನ್ನೂ ವೇಗವಾಗಿ ಹೋಗಬೇಕಂತೆ.

ಅಸಲಿಗೆ, ಮನೆ ಕಟ್ಟುವ, ನಿವೇಶನ ಹಂಚುವ ತನ್ನ ಕೆಲಸದಿಂದ ಸರ್ಕಾರ ಕೈತೊಳೆದುಕೊಂಡದ್ದೇ ಈ ಸಬ್ಸಿಡಿ ನಾಟಕದ ಮೂಲ. ಗುಮಾಸ್ತರು, ಮೇಷ್ಟ್ರುಗಳು, ಕಾರ್ಖಾನೆ ನೌಕರರು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಸೈಟಿಗೆ ಅರ್ಜಿ ಹಾಕಿ, ಕಾದು, ಕೊನೆಗೆ 30×40 ಅಡಿಯಲ್ಲಿ ಮನೆ ಕಟ್ಟಿಕೊಂಡ ಕಾಲವೊಂದಿತ್ತು. ಈಗ ಅದೇ ಬಿಡಿಎ ಮೂಲೆ ನಿವೇಶನಗಳನ್ನು ಹರಾಜಿಗಿಟ್ಟು ಬೊಕ್ಕಸ ತುಂಬಿಸಿಕೊಳ್ಳುತ್ತದೆ. ಬಿಡಿಎಯದೇ ಶಿವರಾಮ ಕಾರಂತ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2008ರ ಡಿಸೆಂಬರ್‌ನಲ್ಲಿ. ಬಡಾವಣೆ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2018ರಲ್ಲಿ. ಆ ಹತ್ತು ವರ್ಷದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಖಾಸಗಿ ಲೇಔಟುಗಳು ಎಷ್ಟು ಎದ್ದವು ಎಂದು ಎಣಿಸಲು ಸಮಿತಿಯೇ ಬೇಕು. ಅನುಮೋದನೆಯಿಲ್ಲದ ರೆವಿನ್ಯೂ ಸೈಟು ಕೊಂಡು ಬಿ ಖಾತೆಯಲ್ಲಿ ಸಿಕ್ಕಿಕೊಂಡವರಿಗೆ ಬಹುತೇಕ ಬ್ಯಾಂಕುಗಳು ಸಾಲವನ್ನೇ ಕೊಡುವುದಿಲ್ಲ. ಸಾಲವಿಲ್ಲದವರಿಗೆ ಬಡ್ಡಿ ಸಹಾಯಧನದ ಬಾಗಿಲೂ ಬಂದ್.

ಇನ್ನು ಬಾಡಿಗೆದಾರನ ಗೋಳು ಯಾವ ಬಜೆಟ್ಟಿಗೂ ಕೇಳಿಸುವುದಿಲ್ಲ. 10 ಲಕ್ಷ ಕೂಡಿಸಬೇಕಾದವನ ದುಡ್ಡು ಮನೆ ಮಾಲೀಕರ ಬಳಿ ಅಡ್ವಾನ್ಸಾಗಿ ಕೊಳೆಯುತ್ತಿದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದು ಎಂದು ಕೇಂದ್ರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದಿತು. ಕರ್ನಾಟಕದಲ್ಲಿ ಮಾದರಿ ಮಾದರಿಯಾಗಿಯೇ ಉಳಿಯಿತು. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಬೀಗ ಬಿದ್ದ ಖಾಲಿ ಮನೆಗಳು ಸುಮಾರು 1.1 ಕೋಟಿ ಇದ್ದವು. 2021ರ ಗಣತಿಯನ್ನು ಸರ್ಕಾರ ಸಮಯಕ್ಕೆ ಮಾಡಲೇ ಇಲ್ಲ. ಎಣಿಸದಿದ್ದರೆ ಉತ್ತರ ಕೊಡುವ ಗೊಡವೆಯೂ ಇಲ್ಲವಲ್ಲ.

ಮಾಡಬೇಕಾದ ಕೆಲಸ ಎರಡೇ. 35 ಲಕ್ಷದೊಳಗಿನ ಮೊದಲ ಮನೆಗೆ ನೋಂದಣಿ ಶುಲ್ಕ, ಮುದ್ರಾಂಕ ಶುಲ್ಕ, ಜಿಎಸ್‌ಟಿ ಮೂರನ್ನೂ ಬಿಡಿ. ಅದನ್ನೂ ಬಿಲ್ಡರ್ ಬೆಲೆಗೆ ಸೇರಿಸಿ ನುಂಗುತ್ತಾನೆ ಎನ್ನುತ್ತೀರಾ? ನುಂಗದಿರಲು ಎರಡನೆಯ ಕೆಲಸ: ಬಡ್ಡಿಗೆಂದು ಸುರಿಯುವ ಹಣದಲ್ಲಿ ಬಿಡಿಎ, ಗೃಹಮಂಡಳಿಗಳಿಂದ ಮನೆ ಕಟ್ಟಿಸಿ, ಲಾಟರಿಯಲ್ಲಿ ಹಂಚಿ. ಮಾರುಕಟ್ಟೆಗೆ ಮನೆ ಬಂದರೆ ಬೆಲೆ ಬಗ್ಗುತ್ತದೆ. ಬರಿಯ ದುಡ್ಡು ಬಂದರೆ ಬೀಗುತ್ತದೆ.

ಮುಂದಿನ ಸಲ ಮತ ಕೇಳಲು ಬಂದವರು ಯಾವ ಪಕ್ಷದವರೇ ಆಗಿರಲಿ, ಮೊದಲ ಮನೆಗೆ ಎಷ್ಟು ಕೊಡುತ್ತೀರಿ ಎಂದು ಕೇಳಬೇಡಿ. ಅದನ್ನು ಅವರೇ ಮೈಕು ಹಿಡಿದು ಹೇಳುತ್ತಾರೆ. ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿ.