ಅಲಾತಚಕ್ರವೂ ನಗರಚಿತ್ರವೂ

ರಾತ್ರಿಯ ವೇಳೆ ಎತ್ತರವಾದ ಮೇಲುಸೇತುವೆಯೊಂದರ ಬಳಿ ಮುಕ್ಕಾಲಿಯ ಮೇಲೆ ಕ್ಯಾಮರಾವನ್ನು ನಿಲ್ಲಿಸಿ, ಅದರ ಷಟರನ್ನು ಅರ್ಧ ನಿಮಿಷದವರೆಗೂ ತೆರೆದಿಟ್ಟು, ಓಡುವ ಮೋಟಾರುಗಳ ದೀಪಗಳನ್ನು ಕೆಂಪು ಬಿಳುಪು ಪಟ್ಟಿಗಳನ್ನಾಗಿ ಎಳೆದು ತೋರಿಸುವ ಛಾಯಾಚಿತ್ರಗಳು ಈಗ ಪ್ರದರ್ಶನಶಾಲೆಗಳಲ್ಲಿಯೂ ಗೋಡೆಯ ಪಂಚಾಂಗಗಳಲ್ಲಿಯೂ ಹೇರಳವಾಗಿ ಕಾಣಬರುತ್ತಿವೆ. ನಗರದ ಚೈತನ್ಯವೇ ಇಲ್ಲಿ ಸೆರೆಸಿಕ್ಕಿದೆಯೆಂದು ಇವುಗಳ ಕರ್ತೃಗಳೂ, ಅವರನ್ನು ಹೊಗಳುವ ವಿಮರ್ಶಕರೂ ಏಕಕಂಠದಿಂದ ಸಾರುತ್ತಾರೆ. ಈ ಸಾರೋಣವನ್ನು ಪರೀಕ್ಷಿಸದೆ ಒಪ್ಪತಕ್ಕದ್ದಲ್ಲ. ಚೈತನ್ಯವೆಂಬುದು ಹಗುರವಾದ ಶಬ್ದವಲ್ಲ. ಅದನ್ನು ದೀಪದ ಗೆರೆಗೆ ದಾನಮಾಡಿಬಿಟ್ಟ ಮೇಲೆ ಮನುಷ್ಯನಿಗೆ ಕೊಡುವುದಕ್ಕೆ ಏನು ಉಳಿಯಿತು?

ಕತ್ತಲೆಯಲ್ಲಿ ಕೊಳ್ಳಿಯೊಂದನ್ನು ಗಿರ್ರನೆ ತಿರುಗಿಸಿದರೆ ಬೆಂಕಿಯ ಚಕ್ರವು ಕಾಣುವುದಷ್ಟೆ. ಇದೇ ಶಾಸ್ತ್ರಕಾರರು ಹೇಳುವ ಅಲಾತಚಕ್ರ. ಗೌಡಪಾದರ ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿಯೆಂದೇ ಹೆಸರು. ಆ ಚಕ್ರವು ಕೊಳ್ಳಿಯಲ್ಲಿಲ್ಲ, ತಿರುಗಿಸುವವನ ಕೈಯಲ್ಲಿಯೂ ಇಲ್ಲ. ನೋಡುವ ಕಣ್ಣಿನ ಮಾಂದ್ಯದಲ್ಲಿದೆ. ಮೋಟಾರುದೀಪದ ಪಟ್ಟಿಯೂ ಅಂಥದೇ. ಅದು ತೆರೆದಿಟ್ಟ ಷಟರಿನ ಗುಣವನ್ನು ತೋರಿಸುವುದೇ ಹೊರತು ನಗರದ ಗುಣವನ್ನಲ್ಲ. ಸಂಶಯವುಳ್ಳವರು ಹಿಂದಿನ ಕಟ್ಟಡಗಳನ್ನು ಕೈಯಿಂದ ಮರೆಮಾಡಿ ನೋಡಲಿ. ಹಾಂಗ್‌ಕಾಂಗಿನ ಗೆರೆ ಯಾವುದು, ಬೆಂಗಳೂರಿನ ಗೆರೆ ಯಾವುದು ಎಂದು ಬಿಡಿಸಿ ಹೇಳಬಲ್ಲ ಪಂಡಿತನು ಇನ್ನೂ ಹುಟ್ಟಿಲ್ಲ.

ಹಗಲಿನಲ್ಲಿ ಇದೇ ಕೆಲಸವನ್ನು ಮಾಡುವವರು ಮಸೂರದ ಮುಂದೆ ಒಂದು ಕಪ್ಪು ಗಾಜನ್ನು ಹಾಕುತ್ತಾರೆ. ಬೆಳಕಿನ ಸುಮಾರು ಸಾವಿರದಲ್ಲೊಂದು ಪಾಲನ್ನು ಮಾತ್ರ ಒಳಗೆ ಬಿಡುವ ಗಾಜಾದರೆ, ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ ಹದಿನೇಳು ಸೆಕೆಂಡುಗಳು ಬೇಕಾಗುವುವು. ಅಷ್ಟು ಹೊತ್ತಿನಲ್ಲಿ ಗೋಡೆ, ಕಂಬ, ಅಂಗಡಿಯ ಫಲಕ ಇವು ಸ್ಪಷ್ಟವಾಗಿ ಮೂಡುವುವು. ನಡೆದುಹೋಗುವವನು ಒಂದೆಡೆಯಲ್ಲಿಯೂ ಸಾಕಷ್ಟು ಕಾಲ ನಿಲ್ಲದ ಕಾರಣ ಹೊಗೆಯಾಗುವನು, ಇಲ್ಲವೆ ಅದೂ ಆಗದೆ ಅಳಿದುಹೋಗುವನು. ರಾತ್ರಿಯಲ್ಲಿಯಾದರೋ ದೀಪವುಳ್ಳವನು ಗೆರೆಯಾಗುವನು, ದೀಪವಿಲ್ಲದವನು ಇಲ್ಲವಾಗುವನು. ಮೋಟಾರುಳ್ಳವನಿಗೆ ಚಿತ್ರದಲ್ಲಿ ಸ್ಥಾನವುಂಟು. ತಲೆಯ ಮೇಲೆ ಬುಟ್ಟಿಯನ್ನು ಹೊತ್ತು ಅವನ ಮುಂದೆಯೇ ರಸ್ತೆಯನ್ನು ದಾಟಿದವಳಿಗೆ ಇಲ್ಲ. ಇದಕ್ಕೆ ನಗರದ ಚೈತನ್ಯವೆಂದು ಹೆಸರು!

ಈ ದೋಷವು ಈ ಕಲೆಯ ಶೈಶವದಿಂದಲೇ ತಿಳಿದದ್ದು. 1838ರಲ್ಲಿ ಲೂಯಿ ಡಾಗೇರನು ಪ್ಯಾರಿಸ್ ನಗರದಲ್ಲಿ ಎತ್ತರದ ಕಿಟಕಿಯೊಂದರಿಂದ ಬೂಲೆವಾರ್ ದು ತಾಂಪ್ಲ್ ಎಂಬ ಬೀದಿಯ ಚಿತ್ರವನ್ನು ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿನ ಮೇಲೆ ತೆಗೆದನು. ಅದು ನಾಟಕಶಾಲೆಗಳಿಂದ ತುಂಬಿ, ಗಾಡಿಗಳಿಂದಲೂ ಪಾದಚಾರಿಗಳಿಂದಲೂ ಗಿಜಿಗುಟ್ಟುತ್ತಿದ್ದ ಬೀದಿ. ತಗಡು ಹಲವು ನಿಮಿಷಗಳ ಕಾಲ ಬೆಳಕಿಗೆ ಒಡ್ಡಿದ್ದರಿಂದ ಬೀದಿಯೆಲ್ಲ ಬರಿದಾಗಿ, ಬೂಟುಗಳಿಗೆ ಬಣ್ಣ ಹಾಕಿಸಿಕೊಳ್ಳುತ್ತ ನಿಂತಿದ್ದ ಒಬ್ಬನು ಮಾತ್ರ ತಿಳಿಯಾಗಿ ಉಳಿದನು. ಮರುವರ್ಷ ಪ್ಯಾರಿಸ್ಸಿಗೆ ಬಂದಿದ್ದ, ತಂತಿಯಂತ್ರದಿಂದ ಪ್ರಸಿದ್ಧನಾದ ಮಾರ್ಸನು ಡಾಗೇರನ ಬೀದಿಯ ಚಿತ್ರವನ್ನು ಕಂಡು, ಆ ಮನುಷ್ಯನ ಕಾಲುಗಳು ಚೆನ್ನಾಗಿ ಮೂಡಿವೆ, ಅಲುಗಿದ್ದರಿಂದ ಮುಂಡವೂ ತಲೆಯೂ ಇಲ್ಲವೆಂದು ಕಾಗದ ಬರೆದನು. ಡಾಗೇರನಿಗೆ ಬೇರೆ ಗತಿಯಿರಲಿಲ್ಲ. ಅವನ ತಗಡು ಮಂದವಾಗಿತ್ತು. ಕ್ಷಣದ ಸಹಸ್ರಭಾಗವನ್ನೂ ಹಿಡಿಯಬಲ್ಲ ಯಂತ್ರವು ಕೈಯಲ್ಲಿದ್ದೂ ಬೀದಿಯನ್ನು ಬರಿದುಮಾಡುವವರಿಗೆ ಈ ಸಮಾಧಾನವು ದೊರೆಯದು.

ವೇಗವನ್ನೂ ಯಂತ್ರವನ್ನೂ ಕೊಂಡಾಡಿದ ಇಟಲಿಯ ಭವಿಷ್ಯವಾದಿಗಳೇ ಇಂಥ ಚಿತ್ರವನ್ನು ಹತ್ತಿರ ಸೇರಿಸಲಿಲ್ಲವೆಂಬುದು ವಿನೋದದ ಸಂಗತಿ. ಚಲನೆಯ ಜಾಡನ್ನು ಹಿಡಿಯಲು ಹೊರಟ ಬ್ರಾಗಾಲಿಯನ ಛಾಯಾಚಿತ್ರಗಳಿಗೂ ತಮಗೂ ಸಂಬಂಧವಿಲ್ಲವೆಂದು ಬೊಚ್ಚೋನಿ ಮೊದಲಾದ ಚಿತ್ರಕಾರರು 1913ರಲ್ಲಿ ಬಹಿರಂಗವಾಗಿ ಪ್ರಕಟಿಸಿದರು. ಅವರ ಅಸೂಯೆ ಎಷ್ಟು, ವಿಚಾರವೆಷ್ಟು ಎಂಬುದು ಬೇರೆ ಮಾತು.

ಹಾಗಾದರೆ ಚಿತ್ರವೆಂಬುದು ಸದಾ ಸ್ಫುಟವಾಗಿಯೇ ಇರಬೇಕು, ಮಸುಕೆಲ್ಲ ದೋಷವೇ ಎನ್ನುವ ಮತ್ತೊಂದು ಪಂಗಡದವರ ಮಾತು ನಿಲ್ಲುವುದೋ? ಅದೂ ನಿಲ್ಲದು. 1962ರಲ್ಲಿ ಲೆನಿನ್‌ಗ್ರಾಡಿನಲ್ಲಿ ಹುಟ್ಟಿದ ಅಲೆಕ್ಸೇಯ್ ಟಿಟರೆಂಕೋ ಅವರ ‘ನೆರಳುಗಳ ನಗರ’ವೆಂಬ ಚಿತ್ರಮಾಲೆಯು ಇದಕ್ಕೆ ಉತ್ತರ. 1991ರಲ್ಲಿ ಸೋವಿಯತ್ ಒಕ್ಕೂಟವು ಮುರಿದುಬಿತ್ತು. ಆ ಊರಿಗೆ ಸೇಂಟ್ ಪೀಟರ್ಸ್‌ಬರ್ಗ್ ಎಂಬ ಹಳೆಯ ಹೆಸರು ಮರಳಿತು. 1992ರ ಜನವರಿಯಲ್ಲಿ ಬೆಲೆಗಳ ಮೇಲಿನ ಕಟ್ಟು ಸಡಿಲಿದೊಡನೆ ಜನರು ಕೂಡಿಟ್ಟ ಹಣವು ಕೈಯಲ್ಲಿದ್ದಂತೆಯೇ ಕರಗಿತು. ಆ ದಿನಗಳಲ್ಲಿ ವಸಿಲಿಯೊಸ್ಟ್ರೋವ್‌ಸ್ಕಯ ಎಂಬ ಸುರಂಗರೈಲಿನ ನಿಲ್ದಾಣದ ಮುಂದೆ ಮೆಟ್ಟಲೇರುವ ಜನಸ್ತೋಮವನ್ನು ಟಿಟರೆಂಕೋ ಅವರು ಷಟರನ್ನು ದೀರ್ಘಕಾಲ ತೆರೆದು ತೆಗೆದರು. ಮುಖಗಳಿಲ್ಲ, ಮೈಗಳಿಲ್ಲ, ಮಂಜಿನಂಥ ಒಂದು ಪ್ರವಾಹ. ಆದರೆ ಕಂಬಿಯನ್ನು ಕ್ಷಣಕಾಲ ಬಿಗಿಯಾಗಿ ಹಿಡಿದ ಕೈಗಳು ಮಾತ್ರ ಅಲ್ಲಲ್ಲಿ ಉಳಿದಿವೆ. ನೋಡುವವನ ದೃಷ್ಟಿಯು ಆ ಕೈಗಳನ್ನು ಬಿಟ್ಟು ಕದಲಲಾರದು.

ಇಲ್ಲಿಯೂ ಯಂತ್ರವು ಮಾಡಿದ್ದು ಅದೇ ಕೆಲಸ, ಭೇದವಿರುವುದು ಔಚಿತ್ಯದಲ್ಲಿ. ಔಚಿತ್ಯವೇ ಕಾವ್ಯದ ಜೀವಿತವೆಂದು ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿಯೇ ಪ್ರತಿಪಾದಿಸಿದನು. ಬಾಳೇ ನೆರಳಾಗುತ್ತಿದ್ದ ಜನರನ್ನು ನೆರಳಾಗಿ ತೋರಿಸಿದುದು ಉಚಿತ. ಅಲ್ಲಿ ಮಸುಕಿಗೆ ಕಾರಣವು ವಸ್ತುವಿನಲ್ಲಿಯೇ ಇದೆ. ಸೇತುವೆಯ ಮೇಲಿನ ಗೆರೆಗೆ ಅಂಥ ಕಾರಣವೆಲ್ಲಿದೆ? ಶೋಕವಿದ್ದರೆ ಮಾತ್ರ ಕಲೆಯೋ ಎಂದು ಕೆಲವರು ಆಕ್ಷೇಪಿಸಬಹುದು. ಹಾಗೇನೂ ಇಲ್ಲ. ಅದೇ ಟಿಟರೆಂಕೋ ಅವರು ಅನಂತರ ವೆನಿಸ್, ಹವಾನಾ, ನ್ಯೂಯಾರ್ಕ್‌ಗಳಲ್ಲಿಯೂ ಚಿತ್ರಗಳನ್ನು ತೆಗೆದರು, ಅವೆಲ್ಲ ಶೋಕದವಲ್ಲ.

ಸೇತುವೆಯ ಮೇಲೆ ಮುಕ್ಕಾಲಿಯನ್ನೂರಿದ ಮಹಾಶಯರು ಒಂದು ಸಂಜೆ ಅದನ್ನು ಮಡಚಿಕೊಂಡು ಕೆಳಗಿಳಿದು, ಮಾರುಕಟ್ಟೆಯ ಬಾಗಿಲಲ್ಲಿ ನಿಲ್ಲಿಸಲಿ. ಅಲ್ಲಿ ಹೂವಿನವಳೊಬ್ಬಳು ಬೆಳಗಿನಿಂದಲೂ ಕುಳಿತಿರುವಳು. ಷಟರನ್ನು ಅರ್ಧ ನಿಮಿಷ ತೆರೆದಿಟ್ಟರೆ ಜನವೆಲ್ಲ ಅವಳ ಸುತ್ತ ನೀರಿನಂತೆ ಹರಿದುಹೋದಂತೆ ಕಾಣುವುದು. ಅವಳ ಮುಖವೂ, ಮುಂದಿನ ಬುಟ್ಟಿಯೂ ಸ್ಫುಟವಾಗಿ ಉಳಿಯುವುವು. ಕೈಗಳು ಮಾತ್ರ ಮಸುಕಾಗುವುವು. ಅವು ಹೂ ಕಟ್ಟುತ್ತಿರುವುವು.