ಮಶೀನ ಜಾಮ್ ಆತಂದ್ರ ಪೆಟ್ರೋಲ್ ಯಾಕ ಬೇಕ್ರವಾ?

ಹ್ವಾದ ವಾರ ನಮ್ಮನ್ಯಾಗ ಜಗಳ ಆತು. ನನಗೂ ನನ್ನ ಮೈದುನಗೂ. ಜಗಳದ ಮೂಲ ಅತ್ತಿಯವರ ಹೊಲಿಗಿ ಮಶೀನ. ಅವತ್ತ ಸಿಟ್ಟಿನಾಗ ನಾನು ಹೇಳಬೇಕಂದದ್ದು ಅರ್ಧಾನೂ ಹೇಳಲಿಲ್ಲ, ಉಳದದ್ದನ್ನ ಇಲ್ಲೆ ಹೇಳಿ ತೀರಿಸ್ಕೊತೀನಿ.

ಕಾಲಲೇ ತುಳಿಯೂ ಹಳೇ ಮಶೀನ ಅದು. ಮೂರು ವರ್ಷದಿಂದ ಪಡಸಾಲಿ ಮೂಲ್ಯಾಗ ಸೀರಿ ಹೊಚ್ಚಿಕೊಂಡು ಕುಂತಿತ್ತು. ಮಗಳಿಗೊಂದು ಪರಕಾರ ಹೊಲಿಯೂಣು ಅಂತ ತಗದು ನೋಡಿದ್ರ ಗಾಲಿ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮೈದುನ ಬಂದು ನೋಡಿದ. "ವೈನಿ, ಎರಡು ಮಿನಿಟಿನ ಕೆಲಸ" ಅಂದವನ ಹೊರಗ ಹೋಗಿ, ಬೈಕಿಗೆ ಪೈಪ್ ಹಾಕಿ, ಬಾಯಿಲೇ ಜಗ್ಗಿ, ಅರ್ಧ ನೀರಿನ ಬಾಟ್ಲಿ ಪೆಟ್ರೋಲ್ ತುಂಬಿಕೊಂಡು ಬಂದ. ಇನ್ನೊಂದು ಕೈಯಾಗ ಸುತ್ತಿಗಿ. ದೇವರ ಜಗಲಿ ಮ್ಯಾಲ ದೀಪ ಉರಿಯಾಕತ್ತಿತ್ತು. ಅಡಗಿ ಮನ್ಯಾಗ ನಮ್ಮ ನೆಗೆಣ್ಣಿ ರೊಟ್ಟಿ ಸುಡಾಕತ್ತಿದ್ಲು. ನಡುವ ಒಂದು ಬಾಗಲ ಸೈತ ಇಲ್ಲ. ನಾನು ಬಾಟ್ಲಿ ಕಸಕೊಂಡೆ. "ನೀವು ಹೆಣ್ಮಕ್ಕಳು ಎಲ್ಲಾದಕ್ಕೂ ಅಂಜತೀರಿ" ಅಂದ. ಆ ಮಾತಿಗೆ ಹತ್ತಿದ ಬೆಂಕಿ ನೋಡ್ರಿ ಇದು.

ಅಂಜಿಕಿ ಅಲ್ಲಪ್ಪಾ, ಲೆಕ್ಕ. ಪೆಟ್ರೋಲ್ ಸೊನ್ನಿ ಡಿಗ್ರಿಗಿಂತ ಸುಮಾರು 40 ಡಿಗ್ರಿ ಕೆಳಗಿನ ಥಂಡ್ಯಾಗೂ ಕಿಡಿ ಹತ್ತೂವಷ್ಟು ಆವಿ ಬಿಡತೈತಿ. ಅಂದ್ರ ನಮ್ಮೂರಾಗ ಚಳಿಗಾಲದ ನಸುಕಿನ್ಯಾಗೂ ಅದು ತಯಾರಾಗೇ ಕುಂತಿರತೈತಿ. ಉರಿಯೂದು ಆ ಎಣ್ಣಿ ಅಲ್ಲ, ಅದರ ಆವಿ. ಆ ಆವಿ ಗಾಳಿಗಿಂತ ಭಾರ. ಹೊಗಿ ಹಂಗ ಮ್ಯಾಲ ಏರಂಗಿಲ್ಲ, ನೀರು ಚೆಲ್ಲಿದಂಗ ನೆಲ ಹಿಡಕೊಂಡು ಹರೀತೈತಿ. ಕಣ್ಣಿಗೆ ಕಾಣಂಗಿಲ್ಲ. ಪಡಸಾಲ್ಯಾಗ ಬಾಟ್ಲಿ ತಗದ್ರ ಅದು ಹರಕೋತ ದೇವರ ದೀಪಕ್ಕ, ಒಲಿಗೆ, ಫ್ರಿಜ್ಜಿನ ಹಿಂದ ಚಟ್ ಅನ್ನೂ ಕಿಡಿಗೆ ಹೋಗಿ ಮುಟ್ಟಬಹುದು. ಮುಟ್ಟಿದ್ರ ಬೆಂಕಿ ಬಂದ ದಾರಿ ಹಿಡಕೊಂಡು ಬಾಟ್ಲಿ ಹಿಡದ ಕೈಗೆ ವಾಪಸ್ ಬರತೈತಿ. ಇದನ್ನ ತಿಳಕೊಂಡಾಕಿ ಅಂಜುಬುರುಕಿ, ತಿಳೀದವ ಧೈರ್ಯವಂತ! ಭಾರಿ ನ್ಯಾಯ.

ನನಗ ಸಿಟ್ಟು ಬರೂದು ಮುಖ್ಯ ಇದಕ್ಕ. ಯಾವುದರ ಬಿಗಿ ಆತಂದ್ರ ಯಾಕ ಬಿಗಿ ಆಗೇತಿ ಅಂತ ಯಾರೂ ಕೇಳಂಗಿಲ್ಲ. ಸೀದಾ "ಸ್ಟ್ರಾಂಗ್ ಇರೂದು ಏನೈತಿ" ಅಂತಾರ. ಪೆಟ್ರೋಲ್, ಥಿನ್ನರ್, ಆಸಿಡ್, ಅದಕ್ಕೂ ಬಗ್ಗದಿದ್ರ ಸುತ್ತಿಗಿ. ನಾನು ಅತ್ತಿಯವರನ್ನ ಒಂದ ಮಾತು ಕೇಳಿದೆ: ಮಶೀನಿಗೆ ಯಾವ ಎಣ್ಣಿ ಬಿಡತಿದ್ರಿ? "ಮನ್ಯಾಗಿಂದು, ಕುಸಬಿ ಎಣ್ಣಿ" ಅಂದ್ರು. ರೋಗ ಅಲ್ಲೇ ಸಿಕ್ತು. ಕುಸಬಿ ಎಣ್ಣಿ ಗಾಳಿಗೆ ಒಣಗೂ ಜಾತಿ. ಬಣ್ಣಕ್ಕ, ವಾರ್ನಿಶ್ಶಿಗೆ ಅದನ್ನ ಹಾಕತಾರ. ನಿಮ್ಮ ಕುಸಬಿ ಎಣ್ಣಿ ಡಬ್ಬಿ ಬಾಯಿ ಸುತ್ತ ಅಂಟಂಟು ಹಳದಿ ಕಟ್ಟಿರತೈತಲ್ಲ, ಅದ ಮಶೀನಿನ ಸಂದಿಯೊಳಗ ವರ್ಷಗಟ್ಟಲೆ ಕಟ್ಟಿತ್ತು. ಜಂಗೂ ಅಲ್ಲ, ಮುರದದ್ದೂ ಅಲ್ಲ. ಗೋಂದು. ಗೋಂದಿಗೆ ಸುತ್ತಿಗಿ ಯಾಕ? ಒಳಗಿಂದು ಬೀಡಿನ ಕಬ್ಬಿಣ, ಹೊಡದ್ರ ಬಗ್ಗಂಗಿಲ್ಲ, ಸೀಳತೈತಿ.

ನಾನು ಮಾಡಿದ್ದು ಇಷ್ಟ. ಮಶೀನಿನ ತಲಿ ಬಿಚ್ಚಿ ಹಿತ್ತಲದಾಗ ನೆರಳಿಗೆ ಇಟ್ಟೆ. ಬಾಬಿನ್ ತಗದು ಶಟಲ್ ಇರೂ ಜಾಗದಾಗ ನೋಡಿದ್ರ ತುಂಡು ದಾರ ಸುತ್ತಿಕೊಂಡು ಗಂಟಾಗಿತ್ತು. ಅದನ್ನ ಚಿಮಟಿಗಿಲೇ ಬಿಡಿಸಿದೆ. (ಎಷ್ಟೋ ಸಲ ರೋಗ ಇಷ್ಟ ಇರತೈತಿ, ಮೊದಲ ಇಲ್ಲೆ ನೋಡ್ರಿ.) ಆಮ್ಯಾಲ ಎಣ್ಣಿ ಬಿಡೂ ತೂತಿನಾಗೆಲ್ಲಾ ಎರಡೆರಡು ಹನಿ ಚಿಮಣಿ ಎಣ್ಣಿ. ಹನಿ ಅಂದ್ರ ಹನಿ, ಸೌಟಲ್ಲ. ರಾತ್ರಿ ಹಂಗ ಬಿಟ್ಟೆ. ಮರುದಿನ ಗಾಲಿ ಕೂದಲೆಳಿಯಷ್ಟು ಅಲಗಾಡ್ತು. ಜೋರು ಮಾಡಲಿಲ್ಲ, ಹಿಂದ ಮುಂದ, ಹಿಂದ ಮುಂದ, ಮತ್ತ ಎರಡು ಹನಿ. ಮೂರನೇ ದಿನ ಪೂರಾ ತಿರುಗ್ತು. ಕಂದು ಬಣ್ಣದ ರಾಡಿ ಸೋರಿ ಹೊರಗ ಬಂತು, ಒರಸಿ ತಗದೆ. ಕಡೀಕ ಅಂಗಡ್ಯಾಗ ಸಿಗೂ ಮಶೀನ ಎಣ್ಣಿ ಬಿಟ್ಟೆ. ಇದನ್ನ ಮರೀಬ್ಯಾಡ್ರಿ. ಚಿಮಣಿ ಎಣ್ಣಿ ತೊಳೀತೈತಿ, ಕಾಯಂಗಿಲ್ಲ. ಅದರ ಮ್ಯಾಲ ಮಶೀನ ಓಡಿಸಿದ್ರ ಲೋಹಕ್ಕ ಲೋಹ ತಿಕ್ಕಿ ಸವೀತೈತಿ.

ಚಿಮಣಿ ಎಣ್ಣಿ ಸಿಗದಿದ್ರ ಹಾರ್ಡವೇರ್ ಅಂಗಡ್ಯಾಗ ಜಂಗು ಬಿಡಸೂ ಸ್ಪ್ರೇ ಇರತಾವ. ಡಬ್ಲ್ಯೂಡಿ-40 ಅಂತ ಒಂದು ಡಬ್ಬಿ ಬರತೈತಲ್ಲ, ಅದನ್ನ ಅಮೇರಿಕಾದಾಗ 1953ರಾಗ ಮಾಡಿದ್ರು. ಆ ಹೆಸರಿನ ಅರ್ಥನ ನೀರು ಸರಸೂದು, ನಲವತ್ತನೇ ಸಲ ಕೂಡಿ ಬಂದದ್ದು ಅಂತ. ಬಿಗಿ ಬಿಡಸಾಕ ಚಲೋ. ಮಶೀನ ಎಣ್ಣಿ ಬದಲಿ ಅದನ್ನ ಬಿಡಬ್ಯಾಡ್ರಿ, ಉರಿಯೂ ಒಲಿ ಮುಂದ ಅದನ್ನೂ ಹೊಡೀಬ್ಯಾಡ್ರಿ. ಇನ್ನ ಕೆಲವರು ಕೂದಲ ಒಣಗಸೂ ಡ್ರೈಯರ್ ಹಿಡೀರಿ ಅಂತಾರ. ಏನೂ ಹಾಕೂಕಿಂತ ಮೊದಲ ಹಿಡದ್ರ ಗೋಂದು ಮೆತ್ತಗ ಆಗತೈತಿ, ಖರೆ. ಚಿಮಣಿ ಎಣ್ಣಿ ಬಿಟ್ಟ ಮ್ಯಾಲ ಹಿಡದ್ರ ನಿಮಗೊಂದು ದೊಡ್ಡ ನಮಸ್ಕಾರ.

ನಮ್ಮ ಚಿಗವ್ವಾರು ಏನಂತಾರ ನನಗ ಗೊತ್ತೈತಿ. "ನಾವು ವರ್ಷಗಟ್ಟಲೆ ಚಿಮಣಿ ಎಣ್ಣಿ ಸ್ಟೋವ್ ಪಂಪ್ ಹೊಡದು ಅಡಗಿ ಮಾಡೀವಿ, ಏನಾತು ನಮಗ?" ಏನಾತು ಅಂತ ನಾವು ಮರತೀವಿ ಅಷ್ಟ. ಸ್ಟೋವ್ ಸಿಡದು ಸುಟ್ಟಕೊಂಡ ಒಬ್ಬಾಕಿನಾರ ನೆನಪಾಗದ ಓಣಿ ಯಾವುದೈತ್ರಿ? ಚಿಮಣಿ ಎಣ್ಣಿ ಪೆಟ್ರೋಲಿನಷ್ಟು ಉಡಾಳ ಅಲ್ಲ, ಸುಮಾರು 35–40 ಡಿಗ್ರಿ ಕಾಯೂತನಕ ತಣ್ಣಗಿರತೈತಿ. ಆದ್ರ ನಮ್ಮ ಎಪ್ರಿಲ್ ಮಧ್ಯಾಹ್ನ ಎಷ್ಟು ಡಿಗ್ರಿ ಇರತೈತಿ ನೀವ ಹೇಳ್ರಿ. ಅದಕ್ಕ ನೆರಳು, ಅದಕ್ಕ ಹಿತ್ತಲ, ಅದಕ್ಕ ಹನಿ.

ಮೈದುನನ್ನ ಅಷ್ಟ ಬೈದ್ರ ನ್ಯಾಯ ಆಗಂಗಿಲ್ಲ. ಆ ನೀರಿನ ಬಾಟ್ಲಿ ತೊಳದು ಇಟ್ಟಾಕಿ ನಾನ. ನಮ್ಮೆಲ್ಲಾರ ಬಚ್ಚಲದಾಗ, ಸಿಂಕಿನ ಕೆಳಗ, ನೀರಿನ ಬಾಟ್ಲ್ಯಾಗ, ಶರಬತ್ತಿನ ಶೀಶೆದಾಗ ಥಿನ್ನರ್, ಆಸಿಡ್, ಚಿಮಣಿ ಎಣ್ಣಿ ಕುಂತಾವ. ನೋಡಾಕ ನೀರ. ನಾನು ಸಣ್ಣಾಕಿ ಇದ್ದಾಗ ನಮ್ಮ ಓಣ್ಯಾಗ ಒಂದು ಕೂಸು ಹಂಗ ಚಿಮಣಿ ಎಣ್ಣಿ ಕುಡದಿತ್ತು. ಸುತ್ತ ನಿಂತ ಹೆಂಗಸರು ಉಪ್ಪುನೀರು ಕುಡಿಸಿ ಗಂಟಲದಾಗ ಬೆರಳು ಹಾಕಿ ವಾಂತಿ ಮಾಡಿಸಿದ್ರು. ಪ್ರೀತಿಯಿಂದ ಮಾಡಿದ್ದು, ಆದ್ರ ಅದ ತಪ್ಪು. ಚಿಮಣಿ ಎಣ್ಣಿ ಹೊಟ್ಟ್ಯಾಗಿದ್ರ ಮಾಡೂ ಕೇಡಿಗಿಂತ ವಾಂತಿ ಹೊತ್ತಿಗೆ ಶ್ವಾಸಕೋಶಕ್ಕ ಇಳದು ಮಾಡೂ ಕೇಡು ದೊಡ್ಡದು. ಆ ಕೂಸು ಎಷ್ಟೋ ದಿನ ದವಾಖಾನ್ಯಾಗ ಉಸರಿಗೆ ಒದ್ದಾಡಿ ಉಳೀತು. ವಾಂತಿ ಮಾಡಿಸಬ್ಯಾಡ್ರಿ, ಆ ಬಾಟ್ಲಿ ಸಮೇತ ದವಾಖಾನಿಗೆ ಓಡ್ರಿ. ಬಾಯಿಲೇ ಪೈಪ್ ಜಗ್ಗೂ ದೊಡ್ಡ ಕೂಸುಗಳಿಗೂ ಇದ ಮಾತು.

ಎಣ್ಣಿ ಒರಸಿದ ಬಟ್ಟಿ ಮುದ್ದಿ ಮಾಡಿ ಮೂಲಿಗೆ ಒಗೀಬ್ಯಾಡ್ರಿ. ಅಗಸಿ ಎಣ್ಣಿ, ಕುಸಬಿ ಎಣ್ಣಿ ಹಿಡದ ಬಟ್ಟಿ ಒಣಗೂ ಮುಂದ ತಾನ ಕಾಯತಾವ, ಗುಂಪಿ ಬಿದ್ರ ಕಡ್ಡಿ ಕೊರೀದನೂ ಹತ್ತಿಕೊಳ್ಳಬಹುದು. ಬಾಗಲಕ್ಕ ಅಗಸಿ ಎಣ್ಣಿ ಪಾಲಿಶ್ ಹಚ್ಚಿಸೂವರು ಇದನ್ನ ನೆನಪಿಡ್ರಿ. ಹೊರಗ ಒಂದೊಂದನ್ನ ಬಿಡಿಸಿ ಹರವಿ ಒಣಗಸ್ರಿ. ನಳಕ್ಕ ಕಟ್ಟಿದ ಬಿಳಿ ಕಾರ ತಗಿಯಾಕ ಆಸಿಡ್ ಹಾಕಿ, ಬೆಳ್ಳಗಾಗಲಿ ಅಂತ ಮ್ಯಾಲ ಬ್ಲೀಚಿಂಗ್ ಪೌಡರ್ ಉದರಸೂವರಿಗೆ ಒಂದ ಮಾತು: ಅದರಿಂದ ಏಳೂದು ಕ್ಲೋರಿನ್ ಗ್ಯಾಸ್. ಬಚ್ಚಲದ ಬಾಗಲ ಹಾಕ್ಕೊಂಡು ಅದರೊಳಗ ನಿಂದರತೀರಿ.

ಒಂದು ತಪ್ಪು ನಾನೂ ಮಾಡೀನಿ, ಮುಚ್ಚಿಡಂಗಿಲ್ಲ. ಮಶೀನ ಓಡಿದ ಖುಷಿಗೆ ಮೈ ಹೊಳೀಲಿ ಅಂತ ಕೊರೋನಾದಾಗಿನ ಸ್ಯಾನಿಟೈಜರ್ ಹಾಕಿ ತಿಕ್ಕಿದೆ. ಹಳೇ ಮಶೀನಿನ ಮ್ಯಾಲಿನ ಹೊಳಪಿಗೆ ಸ್ಪಿರಿಟ್ ಆಗಂಗಿಲ್ಲ, ಬಂಗಾರದ ಹೂವು ಅರ್ಧ ಬಟ್ಟಿಗೆ ಬಂತು. ಅತ್ತಿಯವರು ಏನೂ ಅನ್ನಲಿಲ್ಲ, ಆ ಜಾಗ ಒಂದೆರಡು ಸಲ ಬೆರಳಲೇ ಸವರಿದ್ರು. ಮೈದುನ ಮಾತ್ರ "ಸ್ಟ್ರಾಂಗ್ ಇರೂದು ಯಾಕ ಹಾಕಿದ್ರಿ ವೈನಿ?" ಅಂದ.

ಪರಕಾರ ಹೊಲದಾತು. ಚಿಮಣಿ ಎಣ್ಣಿ ಈಗ ಒಂದು ತಗಡಿನ ಡಬ್ಬ್ಯಾಗ, ಹೆಸರು ಬರದು, ಹಿತ್ತಲದ ಮಾಡದಾಗ ಮಕ್ಕಳ ಕೈಗೆ ನಿಲುಕದಂಗ ಇಟ್ಟೀನಿ. ಬರೂ ಸೋಮವಾರ ತವರಮನಿಗೆ ಹೊಂಟೀನಿ. ಅಲ್ಲೆ ಪಾವಟಿಗಿ ಕೆಳಗ ಹಸರ ಬಾಟ್ಲಿ ಒಂದೈತಿ, ಒಳಗೇನೈತಿ ಅಂತ ಅವ್ವಗೂ ನೆನಪಿಲ್ಲ.