ಗೃಹೋದ್ಯಾನ: ಗಾಜಿನ ತೊಟ್ಟಿಯಲ್ಲಿ ಗಿಡ್ಡ ಗಿಡಗಳು

ಮಗನ ಹಟಕ್ಕೆ ಮಣಿದು ಮನೆಯಲ್ಲಿ ಚಿಕ್ಕದೊಂದು ಮೀನಿನ ತೊಟ್ಟಿಯನ್ನಿರಿಸಿದ ಸೋದರಿಯೊಬ್ಬರು ನಮಗೆ ಬರೆದಿರುವರು. ಅಂಗಡಿಯಲ್ಲಿ ದುಂಡನೆಯ ಎಲೆಗಳಿಂದ ದಟ್ಟವಾಗಿ ಒಪ್ಪುತ್ತಿದ್ದ ಗಿಡಗಳು ಮನೆಗೆ ಬಂದ ಹತ್ತೇ ದಿನಗಳಲ್ಲಿ ಬುಡದ ಎಲೆಗಳನ್ನೆಲ್ಲ ಉದುರಿಸಿದುವಂತೆ, ಉಳಿದ ಕುಡಿಗಳು ಬಡಕಲಾಗಿ ಮೇಲಕ್ಕೆ ಚಾಚಿಕೊಂಡುವು, ನೀರು ನಾರಿತು, ಎರಡು ಮೀನುಗಳು ಸತ್ತುವು. ಗಿಡಗಳನ್ನು ಕಿತ್ತೆಸೆದು ಪ್ಲಾಸ್ಟಿಕ್ ಗಿಡಗಳನ್ನಿಡಬಹುದೇ ಎಂಬುದು ಅವರ ಪ್ರಶ್ನೆ. ದಯವಿಟ್ಟು ಕೀಳಬೇಡಿರೆಂಬುದೇ ನಮ್ಮ ಉತ್ತರ.

ಅವರು ವರ್ಣಿಸಿರುವುದು ರೋಟಾಲ ರೋಟಂಡಿಫೋಲಿಯ ಎಂಬ ಗಿಡವಾಗಿದ್ದೀತು. ಭಾರತದಿಂದ ಜಪಾನಿನವರೆಗೆ ಜವುಗು ನೆಲಗಳಲ್ಲಿ ಬೆಳೆಯುವ ಈ ಗಿಡವನ್ನು ಮಾರಾಟಕ್ಕಾಗಿ ಬೆಳೆಸುವವರು ಅನೇಕವೇಳೆ ಬೇರನ್ನು ಮಾತ್ರ ತೇವದಲ್ಲಿರಿಸಿ, ಎಲೆಯನ್ನು ಗಾಳಿಯಲ್ಲಿಯೇ ಬೆಳೆಸುವರು. ಗಾಳಿಯಲ್ಲಿ ಹುಟ್ಟಿದ ಎಲೆ ದುಂಡಗಿರುವುದು. ನೀರಿನೊಳಗೆ ಹುಟ್ಟುವ ಎಲೆಯಾದರೋ ಕಿರಿದು, ತೆಳು. ಆದುದರಿಂದ ಗಿಡವನ್ನು ಮುಳುಗಿಸಿದೊಡನೆ ಹಳೆಯ ಎಲೆಗಳು ಕ್ರಮವಾಗಿ ಕಳಚಿ ಹೊಸವು ಬರುವುವು. ಈ ಮಾರ್ಪಾಟಿಗೆ ಕೆಲವು ವಾರಗಳು ಬೇಕು. ನಮ್ಮ ಗೃಹಸ್ಥರಲ್ಲಿ ಹೆಚ್ಚಿನವರು ತಾಳ್ಮೆಗೆಡುವುದು ಇಲ್ಲಿಯೇ.

ಆದರೆ ಉದುರಿದ ಎಲೆಯನ್ನು ಹಾಗೆಯೇ ಬಿಡಲಾಗದು. ಅದು ಕೊಳೆಯುತ್ತ ನೀರಿನಲ್ಲಿರುವ ಆಮ್ಲಜನಕವನ್ನು ತಿಂದು ಅಮೋನಿಯವನ್ನು ಬಿಡುವುದು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ನೀರುಗಿಡವನ್ನೂ ಜೊತೆಯಲ್ಲಿ ಸಾಕಿದ ಪ್ರಯೋಗವನ್ನು ಪ್ರಕಟಿಸಿದರು. ಅವರಿಗೂ ಕೊಳೆತೆಲೆಯೇ ತೊಡಕಾಗಿ, ಬಸವನಹುಳುಗಳನ್ನು ಬಿಟ್ಟ ಬಳಿಕ ನೀರು ತಿಳಿಯಾಯಿತು. ನಮ್ಮ ಸೋದರಿಯು ನಿತ್ಯ ಬೆಳಿಗ್ಗೆ ಚಿಮಟದಿಂದ ಎಲೆಗಳನ್ನು ಆರಿಸಿ ತೆಗೆದರೆ ಸಾಕು. ಮೊದಲು ಗಿಡ, ತಿಂಗಳಾದ ಮೇಲೆ ಮೀನು ಎಂಬ ಕ್ರಮವನ್ನಿಟ್ಟುಕೊಂಡಿದ್ದರೆ ಆ ಎರಡು ಜೀವಗಳು ಉಳಿಯುತ್ತಿದ್ದುವೋ ಏನೋ. ಮಗುವಿಗೆ ತಿಂಗಳು ಕಾಯುವಂತೆ ಹೇಳುವುದು ಎಷ್ಟು ಕಷ್ಟವೆಂಬುದನ್ನು ನಾವೂ ಬಲ್ಲೆವು.

ಇನ್ನು ಗಿಡವು ಬಡಕಲಾಗಿ ಚಾಚುವ ವಿಚಾರ. ಬೆಳಕು ಸಾಲದಿದ್ದರೆ ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುವುದು. ಬೆಳಕು ಸಾಕಷ್ಟಿದ್ದರೆ ಗೆಣ್ಣುಗಳು ಒತ್ತಾಗಿ ಗಿಡ ಗಿಡ್ಡವಾಗುವುದು. ಹಾಗೆಂದು ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ವಾರದೊಳಗೆ ಗಾಜೆಲ್ಲ ಪಾಚಿ. ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಮರಳು ಕಳೆದು ಸುಮಾರು 25 ಲೀಟರ್ ನೀರು ಹಿಡಿಯುವುದು. ಅದರ ಮೇಲೆ ಒಳ್ಳೆಯ ಎಲ್.ಇ.ಡಿ. ದೀಪವೊಂದನ್ನು ದಿನಕ್ಕೆ 6ರಿಂದ 8 ಗಂಟೆಗಳ ಕಾಲ ಉರಿಸಿದರಾಯಿತು. ಮರಳಿನ ಮೇಲೆ ತೊಟ್ಟು ವಿನೆಗರ್ ಹಾಕಿ ನೋಡಿರಿ. ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ, ಅಂತಹುದು ಬೇಡ.

ದೀಪದಷ್ಟೇ ಮುಖ್ಯವಾದುದು ಕತ್ತರಿ. ಸೇವಂತಿಗೆಯ ಕುಡಿ ಚಿವುಟಿದರೆ ಅದು ಕವಲೊಡೆದು ಹರಡುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ದ್ರವ್ಯವು ಕೆಳಗಿನ ಮೊಗ್ಗುಗಳನ್ನು ಅಡಗಿಸಿಟ್ಟಿರುವುದು. ಕುಡಿ ಹೋಯಿತೆಂದರೆ ಅವು ಎಚ್ಚರಗೊಳ್ಳುವುವು. ಗಿಡವು ನೀರಿನ ಮೇಲ್ಮೈಯನ್ನು ಮುಟ್ಟುವ ಮೊದಲೇ ಅರ್ಧಕ್ಕೆ ಕತ್ತರಿಸಿರಿ. ಮೇಲಿನ ಮೂರು ನಾಲ್ಕು ಅಂಗುಲದ ತುಂಡಿನ ಬುಡದ ಎರಡು ಗೆಣ್ಣುಗಳ ಎಲೆಯನ್ನು ತೆಗೆದು, ಆ ಗೆಣ್ಣುಗಳು ಹೂಳುವಂತೆ ಮರಳಿನಲ್ಲಿ ಊರಿರಿ; ಬೇರು ಅಲ್ಲಿಂದಲೇ ಬರುವುದು. ತುಂಡಿಗೂ ತುಂಡಿಗೂ ಬೆರಳಗಲ ಎಡೆಯಿರಲಿ, ಇಲ್ಲವಾದರೆ ಬುಡಕ್ಕೆ ಬೆಳಕು ತಲಪದೆ ಮತ್ತೆ ಅದೇ ಕಥೆ. ಹಲವು ಸಲ ಕತ್ತರಿಸಿದ ಬಳಿಕ ಹಳೆಯ ಬುಡ ಸೊರಗಿದರೆ ಅದನ್ನು ಕಿತ್ತು, ಕುಡಿಗಳನ್ನು ಮಾತ್ರ ನೆಡತಕ್ಕದ್ದು.

ಇಷ್ಟು ಗೊಡವೆ ಬೇಡವೆನ್ನುವವರು ನೀರುಬ್ರಾಹ್ಮಿಯನ್ನು ನೆಡಬಹುದು. ನಮ್ಮ ಮನೆಗಳಲ್ಲಿ ತಂಬುಳಿ ಮಾಡುವ ಒಂದೆಲಗವನ್ನೂ ಬ್ರಾಹ್ಮಿಯೆನ್ನುವುದುಂಟು, ಇದು ಬೇರೆ. ದಪ್ಪನೆಯ ಕಿರಿಯ ಎಲೆಯ ಈ ಗಿಡ ನಿಧಾನವಾಗಿ ಬೆಳೆಯುವುದು, ಸುಲಭಕ್ಕೆ ಕೆಡದು. ದಕ್ಷಿಣಭಾರತದ್ದೇ ಆದ ಕೆಂಪೆಲೆಯ ರೋಟಾಲ ಮ್ಯಾಕ್ರಾಂಡ್ರ ಕಣ್ಣಿಗೆ ಹಬ್ಬವೇನೋ ಸರಿ, ಹೊಸಬರ ಕೈಗೆ ಅದು ಒಗ್ಗದು.

ಕತ್ತರಿಸಿದ ತುಂಡುಗಳನ್ನು ಎಲ್ಲಿ ಹಾಕಬೇಕೆಂಬುದನ್ನು ಅಂಗಡಿಯವರು ಹೇಳುವುದಿಲ್ಲ. 2020ರಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ಆವಳಪಾಂಡಿಯಲ್ಲಿ ಕಾಲುವೆಯ ತುಂಬ ಗುಲಾಬಿ ಬಣ್ಣದ ಹೂಗಳರಳಿ ಜನ ಮುಗಿಬಿದ್ದು ನೋಡಿದರು. ಅದು ತೊಟ್ಟಿಗಳಲ್ಲಿ ಸಾಕುವ ಕಬೊಂಬ, ದಕ್ಷಿಣ ಅಮೆರಿಕದ ಗಿಡ; ತುಂಡೊಂದರಿಂದಲೇ ಚಿಗುರಿ ಕಾಲುವೆಯನ್ನೆಲ್ಲ ಮುಚ್ಚಬಲ್ಲುದು. ಆದುದರಿಂದ ಉಳಿದ ತುಂಡುಗಳನ್ನು ಕೆರೆಗಾಗಲಿ ಚರಂಡಿಗಾಗಲಿ ಎಸೆಯದೆ, ಎರಡು ದಿನ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತುಳಸಿಯ ಕುಂಡಕ್ಕೋ ಗೊಬ್ಬರದ ಗುಂಡಿಗೋ ಹಾಕಿರಿ.